‘ಬ್ಯಾಂಡ್ ಇಳಿಸಲ್ಲ ಅಂದ್ಬಿಟ್ರು, ಮುಂದೇನು?’

ಪ್ರಶ್ನೆ: “ಸರ್, ಹೋದ ವರ್ಷ ಇಂಗ್ಲೆಂಡಿನಲ್ಲಿ ಮನೆ ತಗೊಂಡೆವು. ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ಮನೆ ಕಂದಾಯ, ನಮಗೆ ‘ಇ’ ಬ್ಯಾಂಡ್, ಪಕ್ಕದ ಮನೆಯವರದು ಅದಕ್ಕಿಂತ ಕಡಿಮೆ ತೆರಿಗೆಯ ‘ಡಿ’. ನಮ್ಮದನ್ನೂ ಇಳಿಸಿ ಅಂತ ಅರ್ಜಿ ಹಾಕಿದ್ದೆ, ತಿರಸ್ಕರಿಸಿದ್ದಾರೆ. ನಾವು ಕೊಟ್ಟ ಬೆಲೆಯನ್ನು ಹೌಸ್ ಪ್ರೈಸ್ ಇಂಡೆಕ್ಸ್ (ಮನೆಗಳ ಸರಾಸರಿ ಬೆಲೆಯ ಸೂಚ್ಯಂಕ) ಹಿಡಿದು 1991ಕ್ಕೆ ಇಳಿಸಿದರೆ ‘ಡಿ’ನೇ ಬರುತ್ತೆ. ಎಕ್ಸೆಲ್ ಲಗತ್ತಿಸಿದ್ದೇನೆ. ಮತ್ತೆ ಅಪೀಲು ಹೋಗಬಹುದಾ?”

ಎಕ್ಸೆಲ್ ನೋಡಿದೆ. ಹಸಿರು, ಹಳದಿ ಬಣ್ಣ ಹಚ್ಚಿ, ಪೆನ್ಸ್ ಕೂಡ ಬಿಡದೆ ಲೆಕ್ಕ ಹಾಕಿದ್ದೀರಿ. ಇಂಥವು ನನಗೆ ಎಷ್ಟು ಬಂದಿವೆಯೋ ಎಣಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ನಮ್ಮವರಿಗೆ ಎಕ್ಸೆಲ್ ಮೇಲಿರುವ ಭಕ್ತಿ ಮನೆದೇವರ ಮೇಲೂ ಇರಲಿಕ್ಕಿಲ್ಲ. ಅದರ ಮಾತು ಆಮೇಲೆ. ಮೊದಲು ಆ ತಿರಸ್ಕಾರದ ಪತ್ರವನ್ನು ಮತ್ತೊಮ್ಮೆ ಓದಿ. ತಿರಸ್ಕಾರದಲ್ಲಿ ಎರಡು ಜಾತಿ, ನಿಮ್ಮದು ಯಾವುದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಬ್ಯಾಂಡ್ ಅಂದರೆ ಮನೆಯ 1991ರ ಬೆಲೆ ನೋಡಿ ಕೊಟ್ಟ ತೆರಿಗೆಯ ದರ್ಜೆ. ಅದನ್ನು ಗೊತ್ತುಮಾಡುವುದು ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಅಲ್ಲ. ಅದು ತೆರಿಗೆ ಇಲಾಖೆಗೆ ಸೇರಿದ ವ್ಯಾಲ್ಯುಯೇಷನ್ ಆಫೀಸಿನ, ಅಂದರೆ ವಿಒಎಯ ಕೆಲಸ. ಕೌನ್ಸಿಲ್ ಬಿಲ್ ಕಳಿಸುತ್ತದೆ, ಹಣ ತಗೊಳ್ಳುತ್ತದೆ, ಅಷ್ಟೇ. ನೀವು ಆ ಮನೆಯ ತೆರಿಗೆದಾರರಾದ ಆರು ತಿಂಗಳೊಳಗೆ ಬ್ಯಾಂಡ್ ಪ್ರಶ್ನಿಸಿದ್ದರೆ ಅದು ವಿಧಿವತ್ತಾದ ಚಾಲೆಂಜ್. ವಿಒಎ ತಾನಾಗಿ ಬ್ಯಾಂಡ್ ಬದಲಿಸಿದ ಆರು ತಿಂಗಳೊಳಗೆ ಪ್ರಶ್ನಿಸಿದರೂ ಅಷ್ಟೇ. ಅದಕ್ಕೆ ಬರುವ ಉತ್ತರ ‘ಡಿಸಿಷನ್ ನೋಟಿಸ್’. ಆ ನೋಟಿಸಿನ ತಾರೀಖಿನಿಂದ ಮೂರು ತಿಂಗಳೊಳಗೆ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಹೋಗಬಹುದು. ಇದು ವಿಒಎಯ ಕೈಕೆಳಗಿನ ಕಚೇರಿಯಲ್ಲ, ಸ್ವತಂತ್ರ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಸೋತರೆ ಎದುರು ಪಕ್ಷದವರ ಖರ್ಚು ನಿಮ್ಮ ತಲೆಗೆ ಬರುವುದಿಲ್ಲ. ಅಪೀಲು ನಡೆಯುವಷ್ಟು ಕಾಲ ಈಗಿನ ಬ್ಯಾಂಡಿನ ಪ್ರಕಾರ ಕಂತು ಕಟ್ಟುತ್ತಲೇ ಇರಬೇಕು. ‘ಕೇಸು ನಡೀತಿದೆ’ ಅಂತ ಡೈರೆಕ್ಟ್ ಡೆಬಿಟ್ ನಿಲ್ಲಿಸಿದಿರೋ, ಕೌನ್ಸಿಲ್ ನಿಮ್ಮನ್ನು ಬಾಕಿದಾರರ ಪಟ್ಟಿಗೆ ಸೇರಿಸುತ್ತದೆ.

ಆರು ತಿಂಗಳು ಕಳೆದ ಮೇಲೆ ಕೇಳಿದ್ದರೆ ಅದು ‘ಬ್ಯಾಂಡ್ ರಿವ್ಯೂ’, ಅಂದರೆ ಒಂದು ವಿನಂತಿ. ಅದನ್ನು ತಳ್ಳಿಹಾಕಿದರೆ ಟ್ರಿಬ್ಯೂನಲ್ ಬಾಗಿಲು ತೆರೆಯುವುದಿಲ್ಲ. ನಿಮ್ಮ ಅರ್ಜಿಯನ್ನು ಸರಿಯಾಗಿ ನೋಡಲಿಲ್ಲ ಅನ್ನಿಸಿದರೆ ವಿಒಎಗೇ ದೂರು ಕೊಡಬಹುದು, ಅಲ್ಲಿಂದ ಮುಂದೆ ಇಂಥ ದೂರು ವಿಚಾರಿಸುವ ಅಡ್ಜುಡಿಕೇಟರ್ ಆಫೀಸಿಗೆ ಹೋಗಬಹುದು. ಆದರೆ ಅಲ್ಲಿ ನೋಡುವುದು ಅರ್ಜಿಯನ್ನು ಹೇಗೆ ನಡೆಸಿಕೊಂಡರು ಎನ್ನುವುದನ್ನು, ಬ್ಯಾಂಡ್ ಸರಿಯೋ ತಪ್ಪೋ ಎನ್ನುವುದನ್ನಲ್ಲ. ಹೊಸ ಪುರಾವೆ ಸಿಕ್ಕರೆ ಮತ್ತೆ ರಿವ್ಯೂ ಕೇಳಬಹುದು. ಹೊಸದು ಎಂಬ ಪದಕ್ಕೆ ಕೆಳಗೆ ಎರಡು ಗೆರೆ ಎಳೆದುಕೊಳ್ಳಿ. ಹಳೇ ಎಕ್ಸೆಲ್‌ಗೆ ಹೊಸ ಬಣ್ಣ ಹಚ್ಚಿದರೆ ಅದು ಹೊಸ ಪುರಾವೆಯಾಗುವುದಿಲ್ಲ.

ಈಗ ಎಕ್ಸೆಲ್‌ಗೆ ಬರೋಣ.

‘ನಾನು ಕೊಟ್ಟ ಬೆಲೆಯನ್ನು ಇಂಡೆಕ್ಸಿನಿಂದ ಭಾಗಿಸಿದರೆ 1991ರ ಬೆಲೆ ಸಿಗುತ್ತೆ.’ ವಾಟ್ಸಾಪ್ ಗುಂಪುಗಳಲ್ಲಿ ಇದು ವೇದವಾಕ್ಯ. ಎಷ್ಟು ಸಲ ತಪ್ಪು ಎಂದು ಹೇಳಿದರೂ ಯುಗಾದಿಗೊಮ್ಮೆ, ಏಪ್ರಿಲ್ ಬಿಲ್ ಬಂದಾಗ, ಮತ್ತೆ ಚಿಗುರುತ್ತದೆ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಇದನ್ನು ಸೇವ್ ಮಾಡಿಟ್ಟುಕೊಳ್ಳಿ.

ದೇವನಹಳ್ಳಿಯನ್ನು ನೆನಪು ಮಾಡಿಕೊಳ್ಳಿ. 1991ರಲ್ಲಿ ಅಲ್ಲಿ ಏನಿತ್ತು? ದ್ರಾಕ್ಷಿ ತೋಟ, ಚಕ್ಕೋತ, ಕೋಟೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ನೆಲದ ಬೆಲೆ ಎಲ್ಲಿಗೆ ಹೋಯಿತು ಅಂತ ನಿಮಗೇ ಗೊತ್ತು. ಬಸವನಗುಡಿ ಹಾಗಲ್ಲ, 1991ರಲ್ಲೇ ಅದು ಉಳ್ಳವರ ಬಡಾವಣೆ. ಈಗ ‘ಬೆಂಗಳೂರಲ್ಲಿ ಸರಾಸರಿ ಬೆಲೆ ಇಷ್ಟು ಪಟ್ಟು ಏರಿದೆ’ ಎಂಬ ಒಂದೇ ಸಂಖ್ಯೆ ತಗೊಂಡು, ದೇವನಹಳ್ಳಿಯ ಸೈಟಿನ ಇಂದಿನ ಬೆಲೆಯನ್ನೂ ಬಸವನಗುಡಿಯ ಮನೆಯ ಇಂದಿನ ಬೆಲೆಯನ್ನೂ ಅದರಿಂದಲೇ ಭಾಗಿಸಿ ನೋಡಿ. ದೇವನಹಳ್ಳಿಯ ರೈತ 1991ರಲ್ಲೇ ಸಾಹುಕಾರನಾಗಿಬಿಡುತ್ತಾನೆ, ಬಸವನಗುಡಿಯ ಮನೆ ಪುಕ್ಕಟೆಗೆ ಬಂದುಬಿಡುತ್ತದೆ. ಎರಡೂ ಸುಳ್ಳು. ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ. ಸರಾಸರಿಯನ್ನು ತಂದು ಒಂದು ಮನೆಯ ಮೇಲೆ ಹೇರಿದ್ದೇ ತಪ್ಪು.

ಇಂಗ್ಲೆಂಡಿನಲ್ಲೂ ಆಗಿರುವುದು ಅದೇ. ಪೂರ್ವ ಲಂಡನ್ನಿನ ಹ್ಯಾಕ್ನಿ 1991ರಲ್ಲಿ ಜನ ಮೂಗು ಮುರಿಯುತ್ತಿದ್ದ ಜಾಗ. ಇವತ್ತು ಅಲ್ಲಿ ಹತ್ತು ಲಕ್ಷ ಪೌಂಡ್ ಮುಟ್ಟುವ, ಗೋಡೆಗೆ ಗೋಡೆ ಅಂಟಿ ಸಾಲಾಗಿ ನಿಂತ ‘ಟೆರೇಸ್’ ಮನೆಗಳು ‘ಡಿ’, ‘ಇ’ ಬ್ಯಾಂಡಿನಲ್ಲಿ ಕೂತಿವೆ. ಅದರಲ್ಲಿ ಮೋಸವೇನಿಲ್ಲ, ಕಾನೂನು ಕೇಳುವ ಪ್ರಶ್ನೆಯೇ ಬೇರೆ. ಇಂದಿನ ಬೆಲೆ ಎಷ್ಟು ಎಂದು ಅದು ಕೇಳುವುದೇ ಇಲ್ಲ. ಅದು ಕೇಳುವುದು ಇಷ್ಟು: ನಿಮ್ಮ ಮನೆ, ಇಷ್ಟೇ ಅಳತೆ, ಇದೇ ವಿನ್ಯಾಸ, ಇದೇ ಬೀದಿ, ತಕ್ಕಮಟ್ಟಿಗೆ ರಿಪೇರಿಯಲ್ಲಿದೆ ಎಂದಿಟ್ಟುಕೊಂಡು, 1991ರ ಏಪ್ರಿಲ್ 1ರಂದು ಮಾರುಕಟ್ಟೆಯಲ್ಲಿ ಏನು ಬೆಲೆಗೆ ಹೋಗುತ್ತಿತ್ತು? 68,001ರಿಂದ 88,000 ಪೌಂಡ್ ಆದರೆ ‘ಡಿ’. 88,001ರಿಂದ 1,20,000 ಆದರೆ ‘ಇ’. ‘ನಮ್ಮ ಮನೆ ಕಟ್ಟಿದ್ದೇ 2019ರಲ್ಲಿ, 1991ರ ಬೆಲೆ ಎಲ್ಲಿಂದ ಬರುತ್ತೆ’ ಅಂತ ಕೇಳುವವರಿಗೂ ಇದೇ ಉತ್ತರ. ಆ ದಿನ ಅದು ಅಲ್ಲಿತ್ತು ಎಂದು ಕಲ್ಪಿಸಿಕೊಂಡು, ಸುತ್ತಲಿನ ಮನೆಗಳಿಗೆ ಹೋಲಿಸಿ ಬ್ಯಾಂಡ್ ಕೊಡುತ್ತಾರೆ.

ಹಾಗಾದರೆ 1991ರಲ್ಲಿ ಎಲ್ಲವನ್ನೂ ಅಳೆದು ತೂಗಿ ಇಟ್ಟಿದ್ದರೇ? ಎಲ್ಲಿ ಬಂತು! ತಲೆಗಿಷ್ಟು ಎಂದು ಹಾಕುತ್ತಿದ್ದ ಪೋಲ್ ಟ್ಯಾಕ್ಸ್ ವಿರುದ್ಧ 1990ರ ಮಾರ್ಚ್ 31ರಂದು ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆ ನಡೆಯಿತು. ಸರಕಾರಕ್ಕೆ ಹೊಸ ತೆರಿಗೆ ಬೇಗ ಬೇಕಿತ್ತು, 1993ರ ಏಪ್ರಿಲ್‌ನಲ್ಲಿ ಅದು ಜಾರಿಗೂ ಬಂತು. ಅಷ್ಟರಲ್ಲಿ ದೇಶದ ಎಲ್ಲ ಮನೆಗಳಿಗೂ ಬ್ಯಾಂಡ್ ಹಾಕಬೇಕು. ಖಾಸಗಿ ಎಸ್ಟೇಟ್ ಏಜೆಂಟರನ್ನೂ ಸೇರಿಸಿಕೊಂಡು, ಕಾರಿನಿಂದ ಇಳಿಯದೆ ಬೀದಿ ಬೀದಿ ಸುತ್ತಿ ಬರೆದುಕೊಂಡರು. ‘ಸೆಕೆಂಡ್ ಗೇರ್ ವ್ಯಾಲ್ಯುಯೇಷನ್’ ಎಂಬ ಅಡ್ಡಹೆಸರು ಬಿದ್ದದ್ದು ಅದಕ್ಕೇ. 2007ಕ್ಕೆ ಹೊಸ ಮೌಲ್ಯಮಾಪನ ಮಾಡುತ್ತೇವೆ ಎಂದವರು 2005ರಲ್ಲೇ ಅದನ್ನು ಕೈಬಿಟ್ಟರು. ಆದ್ದರಿಂದ ತಪ್ಪು ಬ್ಯಾಂಡ್ ಇರುವ ಮನೆಗಳು ಖಂಡಿತ ಇವೆ, ನಿಮ್ಮದೂ ಅದರಲ್ಲೊಂದು ಇರಬಹುದು. ಅದನ್ನು ಸಾಬೀತು ಮಾಡುವುದು ಮಾತ್ರ ಇಂಡೆಕ್ಸಿನಿಂದ ಸಾಧ್ಯವಿಲ್ಲ. ನೇಷನ್‌ವೈಡ್, ಜೂಪ್ಲಾ, ರೈಟ್‌ಮೂವ್ ಇಂಥ ತಾಣಗಳು ಕೊಡುವ ಮನೆಗಳ ಸರಾಸರಿ ಬೆಲೆಗಳನ್ನು ಪುರಾವೆಯೆಂದು ತಗೊಳ್ಳುವುದಿಲ್ಲ ಅಂತ ಸರಕಾರಿ ಮಾರ್ಗಸೂಚಿಯೇ ಬಾಯಿಬಿಟ್ಟು ಹೇಳುತ್ತದೆ. ನಿಮ್ಮ ಅರ್ಜಿ ಬಿದ್ದುಹೋದದ್ದು ಅಲ್ಲೇ.

ಪುರಾವೆ ಅಂದರೆ ಎರಡು. ಒಂದು, 1989ರ ಏಪ್ರಿಲ್ 1ರಿಂದ 1993ರ ಮಾರ್ಚ್ 31ರ ನಡುವೆ ನಿಮ್ಮ ಮನೆಯೋ ಅದರಂಥದ್ದೋ ನಿಜವಾಗಿ ಮಾರಾಟವಾದ ಬೆಲೆ. ಇದು ಸಿಗುವುದು ಕಷ್ಟ, ಲ್ಯಾಂಡ್ ರಿಜಿಸ್ಟ್ರಿಯ ಬೆಲೆ ದಾಖಲೆ ಆನ್‌ಲೈನಿನಲ್ಲಿ ಶುರುವಾಗುವುದೇ 1995ರಿಂದ. ಅದೇ ಬೀದಿಯಲ್ಲಿ ಮೂವತ್ತೈದು ವರ್ಷದಿಂದ ಇರುವ ಅಜ್ಜಿಯೊಬ್ಬರು ಡ್ರಾಯರಿನಿಂದ ಹಳೇ ಕರಾರುಪತ್ರ ತೆಗೆದುಕೊಟ್ಟರೆ ನಿಮ್ಮ ಪುಣ್ಯ. ಎರಡು, ನಿಮ್ಮ ಮನೆಯಷ್ಟೇ ದೊಡ್ಡದಾದ, ಅದೇ ವಯಸ್ಸಿನ, ಅದೇ ಬಗೆಯ, ಹತ್ತಿರದ್ದೇ ಆದ, ಕೆಳಗಿನ ಬ್ಯಾಂಡಿನಲ್ಲಿರುವ ಮನೆಗಳು. ಐದರವರೆಗೆ ಕೊಡಬಹುದು. ಪಿನ್‌ಕೋಡ್ ಹಾಕಿದರೆ ಯಾರ ಬ್ಯಾಂಡ್ ಏನೆಂದು ಸರಕಾರಿ ತಾಣದಲ್ಲೇ ಕಾಣುತ್ತದೆ.

‘ಅಷ್ಟೇ ದೊಡ್ಡದಾದ’ ಎಂಬಲ್ಲಿಯೇ ನಮ್ಮವರು ಎಡವುವುದು. ಶಿವಮೊಗ್ಗದ ಗೆಳೆಯರೊಬ್ಬರು ‘ನಮ್ಮದೂ ಪಕ್ಕದ್ದೂ ಅವಳಿ-ಜವಳಿ’ ಎಂದು ಹಟ ಹಿಡಿದಿದ್ದರು. ಎರಡೂ ಮನೆಯ ಇಪಿಸಿ, ಅದೇ ಎನರ್ಜಿ ಸರ್ಟಿಫಿಕೇಟು, ತೆಗೆದು ನೋಡಿ ಅಂದೆ. ಮಾಡಿಸಿದ್ದರೆ ಯಾರ ಮನೆಯದಾದರೂ ಪುಕ್ಕಟೆ ಸಿಗುತ್ತದೆ, ಅದರಲ್ಲಿ ವಿಸ್ತೀರ್ಣ ಬರೆದಿರುತ್ತದೆ. ಪಕ್ಕದ್ದು 81 ಚದರ ಮೀಟರ್, ಇವರದು 97. ಎಲ್ಲಿಂದ ಬಂತು ಆ ಹದಿನಾರು? ಹಿತ್ತಲಿಗೆ ಹೋಗಿ ಗೋಡೆ ನೋಡಿದೆವು. ಅಡುಗೆಮನೆಯ ಅರ್ಧದಿಂದಾಚೆಗೆ ಇಟ್ಟಿಗೆಯ ಬಣ್ಣವೇ ಬೇರೆ. ಹಿಂದಿನ ಮಾಲೀಕ ಹಿಂಬದಿಗೆ ಕೋಣೆ ಬೆಳೆಸಿದ್ದ. ಮನೆ ಬೆಳೆಸಿದವನ ಬ್ಯಾಂಡ್ ಅವನು ಇರುವ ತನಕ ಏರುವುದಿಲ್ಲ, ಮಾರಾಟವಾದ ಮೇಲೆ ಏರುತ್ತದೆ. ಕೋಣೆ ಅವನು ಅನುಭವಿಸಿದ, ಬ್ಯಾಂಡ್ ಇವರ ಪಾಲಿಗೆ ಬಂತು. ಗೆಳೆಯರು ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತ ನಿಂತು, ‘ಟೀ ಕುಡಿಯೋಣ ಬನ್ನಿ’ ಅಂದರು. ವಿಒಎಯವರು ಮನೆಯನ್ನು ಹೊರಗೋಡೆಯಿಂದ ಅಳೆಯುತ್ತಾರೆ, ಇಪಿಸಿ ಒಳಗಿನ ಅಳತೆ, ಹಾಗಾಗಿ ಸಂಖ್ಯೆಗಳು ತಾಳೆಯಾಗುವುದಿಲ್ಲ. ಎರಡು ಮನೆ ಹೋಲಿಸಲು ಮಾತ್ರ ಸಾಕು.

ಇಷ್ಟು ನೋಡಿಯೂ ನಿಮ್ಮ ಕೈಯಲ್ಲಿ ನಾಲ್ಕೈದು ಗಟ್ಟಿ ಹೋಲಿಕೆ ಇದ್ದರೆ, ಡಿಸಿಷನ್ ನೋಟಿಸೂ ಇದ್ದರೆ, ಟ್ರಿಬ್ಯೂನಲ್‌ಗೆ ಧೈರ್ಯವಾಗಿ ಹೋಗಿ. ಅಲ್ಲೂ ಸೋತರೆ ಹೈಕೋರ್ಟ್ ಉಂಟು, ನಾಲ್ಕು ವಾರದ ಗಡುವು, ಅದೂ ಕಾನೂನಿನ ಅಂಶದ ಮೇಲೆ ಮಾತ್ರ. ಖರ್ಚು ನೆನೆದರೆ ಆ ಕಡೆ ತಲೆ ಹಾಕಬೇಡಿ. ಒಂದು ಎಚ್ಚರಿಕೆ: ಬ್ಯಾಂಡ್ ಮೇಲಕ್ಕೂ ಹೋಗಬಹುದು. ಪಕ್ಕದ ಮನೆಯ ‘ಡಿ’ಯೇ ತಪ್ಪು ಎಂದು ಕಂಡರೆ ಅವರದ್ದನ್ನು ಏರಿಸಿಬಿಡಬಹುದು. ಆಮೇಲೆ ದೀಪಾವಳಿಗೆ ಮೈಸೂರುಪಾಕಿನ ಡಬ್ಬ ಹಿಡಿದು ಅವರ ಬಾಗಿಲು ತಟ್ಟುವುದು ನಿಮಗೆ ಬಿಟ್ಟದ್ದು.

ಸ್ಕಾಟ್ಲೆಂಡಿನವರು ಇದನ್ನು ಓದಿ ಅರ್ಜಿ ಹಾಕಬೇಡಿ, ಅಲ್ಲಿ ಬ್ಯಾಂಡ್ ಹಾಕುವ ಅಸೆಸರುಗಳದೇ ಬೇರೆ ವ್ಯವಸ್ಥೆ. ವೇಲ್ಸ್‌ನಲ್ಲಿ 2003ರ ಬೆಲೆ ಹಿಡಿಯುತ್ತಾರೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ‘ಡಿ’ 9 ಪಾಲಾದರೆ ‘ಇ’ 11 ಪಾಲು. 2025-26ರಲ್ಲಿ ಇಂಗ್ಲೆಂಡಿನ ಸರಾಸರಿ ‘ಡಿ’ ಬಿಲ್ 2,280 ಪೌಂಡ್, ಅಂದರೆ ವ್ಯತ್ಯಾಸ ವರ್ಷಕ್ಕೆ 500 ಪೌಂಡಿನ ಆಸುಪಾಸು. ಬಕಿಂಗ್‌ಹ್ಯಾಮ್ ಅರಮನೆ ಇರುವ ವೆಸ್ಟ್‌ಮಿನ್‌ಸ್ಟರಿನಲ್ಲಿ ಅತಿ ಮೇಲಿನ ‘ಎಚ್’ ಬ್ಯಾಂಡಿನ ಬಿಲ್ ಕೂಡ ಈ ಸರಾಸರಿ ‘ಡಿ’ಗಿಂತ ಕಡಿಮೆ. ಹೊಟ್ಟೆ ಉರಿಯುವುದು ಸಹಜ. ಆದರೆ ಐನೂರು ಪೌಂಡ್ ಉಳಿಸಲು ಬ್ಯಾಂಡ್ ಒಂದೇ ದಾರಿಯಲ್ಲ. ಊರಲ್ಲಿ ಕಂದಾಯ ಕಟ್ಟುವುದು ಮನೆಯ ಒಡೆಯ, ಒಳಗೆ ಎಷ್ಟು ಜನ ಇದ್ದಾರೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಸಾಮಾನ್ಯವಾಗಿ ವಾಸಿಸುವವರೇ ಕಟ್ಟಬೇಕು, ಆದ್ದರಿಂದ ಎಷ್ಟು ಜನ ಎನ್ನುವುದು ಮುಖ್ಯ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ 25 ಕಡಿತ. ಇದು ಕೌನ್ಸಿಲಿನ ವ್ಯವಹಾರ, ವಿಒಎಗೆ ಸಂಬಂಧವಿಲ್ಲ.

ಹೀಗೆಂದ ಕೂಡಲೇ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತು, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ‘ಒಬ್ಬಳೇ ಇದ್ದೀನಿ, ದಾವಣಗೆರೆಯಿಂದ ಅಮ್ಮ ಆರು ತಿಂಗಳು ಬರ್ತಾರೆ, ರಿಯಾಯಿತಿ ಹೋಗುತ್ತಾ?’ ಸಾಮಾನ್ಯವಾಗಿ ಹೋಗುವುದಿಲ್ಲ. ಲೆಕ್ಕಕ್ಕೆ ಬರುವುದು ಆ ಮನೆಯೇ ಖಾಯಂ ವಾಸಸ್ಥಾನವಾದವರು. ವಿಸಿಟರ್ ವೀಸಾದಲ್ಲಿ ಬಂದು, ದಾವಣಗೆರೆಯಲ್ಲಿ ಮನೆ, ರೇಷನ್ ಕಾರ್ಡು, ತುಳಸಿಕಟ್ಟೆ ಎಲ್ಲ ಇಟ್ಟುಕೊಂಡಿರುವ ಅಮ್ಮ ನಿಮ್ಮ ಮನೆಯ ಅತಿಥಿ. ಅವರು ಬಂದು ಹೋಗುವ ಟಿಕೆಟ್ಟಿನ ಪ್ರತಿ ಇಮೇಲಿನಿಂದ ಅಳಿಸದೆ ಇಟ್ಟುಕೊಳ್ಳಿ, ಕೌನ್ಸಿಲಿನಿಂದ ಪತ್ರ ಬಂದರೆ ಅದೇ ಉತ್ತರ.