ಶೇಷನೂ ವಾಸುಕಿಯೂ ಒಬ್ಬರೇ?

ಪ್ರಶ್ನೆ: ಸಮುದ್ರ ಮಥನದಲ್ಲಿ ಹಗ್ಗವಾದವನು ಆದಿಶೇಷ ಎಂದು ಕೆಲವರು ಹೇಳುತ್ತಾರೆ, ವಾಸುಕಿ ಎಂದು ಇನ್ನು ಕೆಲವರು. ಇವು ಒಂದೇ ಸರ್ಪದ ಎರಡು ಹೆಸರುಗಳೇ?

ಅಲ್ಲ. ಇಬ್ಬರೂ ಕಶ್ಯಪ ಮತ್ತು ಕದ್ರುವಿನ ಮಕ್ಕಳು. ಶೇಷ ಅಣ್ಣ, ವಾಸುಕಿ ತಮ್ಮ. ಮಹಾಭಾರತದ ಆದಿಪರ್ವದಲ್ಲಿ ಮಥನದ ಕಥೆಯೊಳಗೇ ಇಬ್ಬರೂ ಇದ್ದಾರೆ: ಮಂದರ ಪರ್ವತವನ್ನು ಬುಡಸಮೇತ ಕಿತ್ತವನು ಅನಂತ, ಅಂದರೆ ಶೇಷ, ಅದಕ್ಕೆ ಹಗ್ಗವಾಗಿ ಸುತ್ತಿಕೊಂಡವನು ವಾಸುಕಿ. ಭಗವದ್ಗೀತೆಯ 10ನೆಯ ಅಧ್ಯಾಯದಲ್ಲೂ ಕೃಷ್ಣ 28ನೆಯ ಶ್ಲೋಕದಲ್ಲಿ ವಾಸುಕಿಯನ್ನು, 29ರಲ್ಲಿ ಅನಂತನನ್ನು ಬೇರೆ ಬೇರೆಯಾಗಿಯೇ ಹೆಸರಿಸುತ್ತಾನೆ. ನವನಾಗ ಸ್ತೋತ್ರವಂತೂ ಅನಂತ, ವಾಸುಕಿ, ಶೇಷ ಎಂದು ಮೂವರನ್ನು ಎಣಿಸುತ್ತದೆ. ಅದೊಂದನ್ನು ಬಿಟ್ಟರೆ ಅನಂತನೆಂದರೆ ಶೇಷನೇ ಎಂಬುದು ರೂಢಿ.

ಹೆಸರಿಗಿಂತ ಸ್ವಭಾವದಲ್ಲಿ ಇವರ ಅಂತರ ದೊಡ್ಡದು. ಉಚ್ಚೈಃಶ್ರವಸ್ಸೆಂಬ ಬಿಳಿ ಕುದುರೆಯ ಬಾಲ ಕಪ್ಪೆಂದು ಸವತಿ ವಿನತೆಯೊಡನೆ ಪಣ ಕಟ್ಟಿದ ಕದ್ರು, ಕಪ್ಪು ಕೂದಲಾಗಿ ಬಾಲಕ್ಕೆ ಅಂಟಿಕೊಳ್ಳಿರೆಂದು ಮಕ್ಕಳಿಗೆ ಹೇಳಿದಳು. ಒಪ್ಪದವರಿಗೆ ಜನಮೇಜಯನ ಸರ್ಪಯಾಗದಲ್ಲಿ ಸುಟ್ಟುಹೋಗಿರೆಂದು ಶಪಿಸಿದಳು. ವಿನತೆಯನ್ನೂ ಗರುಡನನ್ನೂ ದ್ವೇಷಿಸುವ ತಮ್ಮಂದಿರ ಸಹವಾಸವೇ ಬೇಡವೆಂದು ಶೇಷ ಹೊರಟುಬಿಟ್ಟ. ಗಂಧಮಾದನ, ಬದರಿ, ಗೋಕರ್ಣ, ಪುಷ್ಕರಗಳಲ್ಲಿ ದೇಹ ಒಣಗುವಷ್ಟು ತಪಸ್ಸು ಮಾಡಿ, ಬ್ರಹ್ಮ ವರ ಕೇಳೆಂದಾಗ, ಮನಸ್ಸು ಧರ್ಮದಲ್ಲಿ ನಿಲ್ಲಲಿ ಎಂದಷ್ಟೇ ಬೇಡಿದ. ಅಲುಗಾಡುತ್ತಿದ್ದ ಭೂಮಿಯನ್ನು ಹೊರುವ ಕೆಲಸ ಅವನ ಪಾಲಿಗೆ ಬಂದದ್ದು ಹೀಗೆ. ವಿಷ್ಣುವಿಗೆ ಹಾಸಿಗೆಯಾದವನು, ಬಲರಾಮನಾಗಿ ಅವತರಿಸಿದವನು ಇವನೇ.

ನನಗೆ ಹೆಚ್ಚು ಹತ್ತಿರವಾಗುವವನು ವಾಸುಕಿ. ಅಣ್ಣ ಬಿಟ್ಟುಹೋದ ಮನೆಯ ಹೊರೆಯೆಲ್ಲ ಅವನ ಹೆಗಲಿಗೆ ಬಿತ್ತು. ನಾಗರ ಅರಸನಾಗಿ ಅವನು ಹಗಲಿರುಳು ಚಿಂತಿಸಿದ್ದು ಒಂದೇ: ತಾಯಿಯ ಶಾಪದಿಂದ ಕುಲ ಉಳಿಯುವುದು ಹೇಗೆ? ತಂಗಿ ಜರತ್ಕಾರುವಿಗೆ ಅದೇ ಹೆಸರಿನ ಋಷಿಯಿಂದ ಹುಟ್ಟುವ ಮಗ ನಾಗರನ್ನು ಕಾಯುತ್ತಾನೆಂದು ಏಲಾಪತ್ರನೆಂಬ ನಾಗನಿಂದ ತಿಳಿಯಿತು. ಋಷಿಯ ಷರತ್ತುಗಳೋ ಕಠಿಣ: ಕನ್ಯೆಗೆ ತನ್ನದೇ ಹೆಸರಿರಬೇಕು, ಆಕೆಯನ್ನು ಭಿಕ್ಷೆಯಾಗಿ ಕೊಡಬೇಕು, ಸಾಕುವ ಹೊಣೆ ತನ್ನದಲ್ಲ. ವಾಸುಕಿ ಎಲ್ಲಕ್ಕೂ ಒಪ್ಪಿದ. ಆ ಮದುವೆಯಲ್ಲಿ ತಂಗಿಯ ಸುಖದ ಮಾತೇ ಬರಲಿಲ್ಲ, ಅದನ್ನು ಓದುವಾಗ ನೋವಾಗುತ್ತದೆ. ಕೊನೆಗೆ ಆಕೆಯ ಮಗ ಆಸ್ತೀಕನೇ ಯಾಗಶಾಲೆಗೆ ಹೋಗಿ, ತಕ್ಷಕ ಬೆಂಕಿಗೆ ಬೀಳುವ ಮೊದಲು ಯಾಗವನ್ನು ನಿಲ್ಲಿಸಿದ.

ಮಥನದಲ್ಲೂ ವಾಸುಕಿಯದು ಬರೀ ಹಗ್ಗದ ಪಾತ್ರವಲ್ಲ. ದೇವಾಸುರರು ಎಳೆದಾಡುವಾಗ ಅವನ ಬಾಯಿಂದ ಹೊಮ್ಮಿದ ಹೊಗೆ ಮೋಡವಾಗಿ, ದಣಿದ ದೇವತೆಗಳ ಮೇಲೆ ಮಳೆ ಸುರಿಸಿತೆಂದು ಆದಿಪರ್ವ ಹೇಳುತ್ತದೆ. ಶಿವನ ಕೊರಳಲ್ಲಿರುವವನೂ ಇವನೇ. ಕುಕ್ಕೆ ಸುಬ್ರಹ್ಮಣ್ಯದ ಸ್ಥಳಪುರಾಣದಲ್ಲಿ ಗರುಡನಿಗೆ ಹೆದರಿ ತಪಸ್ಸು ಮಾಡಿ, ಸುಬ್ರಹ್ಮಣ್ಯನ ಆಶ್ರಯ ಪಡೆದವನು ಕೂಡ ವಾಸುಕಿಯೇ ಹೊರತು ಶೇಷನಲ್ಲ.