ಎಚ್ಚರದ ಏರಿಕೆ: ಮಕ್ಕಳ ಖಿನ್ನತೆಯಲ್ಲಿ ಕಾರ್ಟಿಸೋಲ್ ಹೇಳುವುದೇನು?

ಬೆಳಿಗ್ಗೆ ಕಣ್ಣು ಬಿಟ್ಟ 30–45 ನಿಮಿಷದೊಳಗೆ ಮೈಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಸರ್ರನೆ ಏರುತ್ತದೆ. ಎದ್ದ ಕ್ಷಣದಲ್ಲಿದ್ದುದರ ಒಂದೂವರೆ ಪಟ್ಟು ಆಗುವುದು ಸಾಮಾನ್ಯ. ತಜ್ಞರು ಇದನ್ನು ‘ಕಾರ್ಟಿಸೋಲ್ ಅವೇಕನಿಂಗ್ ರೆಸ್ಪಾನ್ಸ್’ ಎನ್ನುತ್ತಾರೆ. ನಾವು ಎಚ್ಚರದ ಏರಿಕೆ ಎನ್ನೋಣ. ಆಮೇಲೆ ಹೊತ್ತು ಕಳೆದಂತೆ ಇಳಿದು, ನಡುರಾತ್ರಿಯ ಸುಮಾರಿಗೆ ತಳ ಮುಟ್ಟುತ್ತದೆ.

ಮಿದುಳಿನ ಭಾಗವಾದ ಹೈಪೊಥಲಾಮಸ್ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತವೆ. ಹೊರಬಂದ ಕಾರ್ಟಿಸೋಲ್ ಮಿದುಳಿಗೆ ಮರಳಿ ‘ಇಷ್ಟು ಸಾಕು’ ಎನ್ನುತ್ತದೆ. ಖಿನ್ನತೆಯಿರುವ ಹಲವರಲ್ಲಿ ಸಡಿಲವಾಗುವುದು ಈ ‘ಸಾಕು’.

ಆದರೆ ಖಿನ್ನತೆ ಎಂದರೆ ಕಾರ್ಟಿಸೋಲ್ ಹೆಚ್ಚು ಎಂದು ಲೆಕ್ಕ ಹಾಕಿದರೆ ಮಕ್ಕಳ ವಿಷಯದಲ್ಲಿ ಎಡವುತ್ತೇವೆ. ಮನಸ್ಸು ಕುಗ್ಗಿದ ಚಿಕ್ಕ ಮಕ್ಕಳಲ್ಲಿ ಒತ್ತಡಕ್ಕೆ ಕಾರ್ಟಿಸೋಲ್ ಏರಬೇಕಾದಷ್ಟು ಏರದಿರುವುದೂ, ಪ್ರಾಯಕ್ಕೆ ಬಂದ ಮೇಲೆ ಅದೇ ತಿರುವುಮುರುವಾಗಿ ಮಿತಿಮೀರಿ ಏರುವುದೂ ಅಧ್ಯಯನಗಳಲ್ಲಿ ಕಂಡಿದೆ. 2014ರಲ್ಲಿ ಪ್ರಕಟವಾದ ಕೇಂಬ್ರಿಡ್ಜ್ ಅಧ್ಯಯನದಲ್ಲಿ, ಬೆಳಗಿನ ಕಾರ್ಟಿಸೋಲ್ ಜಾಸ್ತಿಯಿದ್ದು ಖಿನ್ನತೆಯ ಲಕ್ಷಣಗಳೂ ಇದ್ದ ಹದಿಹರೆಯದ ಹುಡುಗರಿಗೆ, ಎರಡೂ ಕಡಿಮೆಯಿದ್ದವರಿಗಿಂತ, ಮುಂದೆ ತೀವ್ರ ಖಿನ್ನತೆ ಬರುವ ಅಪಾಯ 14 ಪಟ್ಟಿನವರೆಗೆ ಇತ್ತು. ಹುಡುಗಿಯರಲ್ಲಿ ಈ ನಂಟು ಅಷ್ಟು ಬಿಗಿಯಾಗಿರಲಿಲ್ಲ.

ಎಚ್ಚರದ ಏರಿಕೆಯನ್ನು ಅಳೆಯುವುದು ಜೊಲ್ಲಿನಿಂದ: ಎದ್ದ ಕೂಡಲೇ ಒಮ್ಮೆ, 30ನೇ ನಿಮಿಷಕ್ಕೊಮ್ಮೆ, 45ನೇ ನಿಮಿಷಕ್ಕೊಮ್ಮೆ. ಹತ್ತಿಯ ಸುರುಳಿಯನ್ನು ಬಾಯಲ್ಲಿಟ್ಟು, ನೆನೆದ ಮೇಲೆ ನಳಿಕೆಗೆ ಹಾಕುತ್ತಾರೆ. ಅಲ್ಲಿಯವರೆಗೆ ಹಾಲು, ತಿಂಡಿ ಏನೂ ಕೂಡದು. ಹಲ್ಲುಜ್ಜುವುದೂ ಬೇಡ, ಒಸಡಿನ ರಕ್ತ ಬೆರೆತರೆ ಅಂಕಿ ಸುಳ್ಳಾಗುತ್ತದೆ. ಹೆಚ್ಚು ಕೆಡುವುದು ಮೊದಲ ಮಾದರಿಯೇ. ಅಲಾರಾಂ ಬಡಿದ ಮೇಲೂ ಹುಡುಗ ಕಾಲು ಗಂಟೆ ಹೊದ್ದು ಮಲಗಿ, ಎದ್ದು ಸುರುಳಿ ಕಚ್ಚಿದನೆನ್ನಿ: ಅಷ್ಟರಲ್ಲಿ ಹಾರ್ಮೋನು ಅರ್ಧ ಏರಿಬಿಟ್ಟಿರುತ್ತದೆ, ವರದಿಯಲ್ಲಿ ಮಾತ್ರ ಏರಿಕೆ ಇದ್ದುದಕ್ಕಿಂತ ಕಡಿಮೆಯೆಂದು ಕಾಣುತ್ತದೆ. ಶಾಲೆಯ ದಿನಕ್ಕೂ ರಜೆಯ ದಿನಕ್ಕೂ ವ್ಯತ್ಯಾಸ ಬರುವುದರಿಂದ ಒಂದೇ ದಿನದ ಅಳತೆ ಸಾಲದು. ಅಸ್ತಮಾದ ಸ್ಟೆರಾಯ್ಡ್ ಇನ್‌ಹೇಲರ್, ಚರ್ಮಕ್ಕೆ ಹಚ್ಚುವ ಸ್ಟೆರಾಯ್ಡ್ ಮುಲಾಮು ಬಳಸುತ್ತಿದ್ದರೆ ಮೊದಲೇ ಹೇಳಬೇಕು.

ಲ್ಯಾಬಿನಲ್ಲಿ ಬೆಳಿಗ್ಗೆ 8 ಗಂಟೆಗೆ ರಕ್ತ ಕೊಟ್ಟು ಮಾಡಿಸುವ ಕಾರ್ಟಿಸೋಲ್ ಪರೀಕ್ಷೆ ಬೇರೆಯದೇ. ಅದು ಅಡ್ರಿನಲ್, ಪಿಟ್ಯುಟರಿ ತೊಂದರೆ ಹುಡುಕಲು. ಆ ಒಂದು ಅಂಕಿ ನಾರ್ಮಲ್ ಬಂತೆಂದು ಮಗುವಿಗೆ ಖಿನ್ನತೆಯಿಲ್ಲ ಎಂದುಕೊಳ್ಳಬೇಡಿ. ಎರಡು ವಾರ ಬಿಡದ ಬೇಸರ, ಮಕ್ಕಳಲ್ಲಾದರೆ ಬೇಸರದ ಬದಲು ಬರೀ ಸಿಡುಕು, ಆಟದಲ್ಲಿ ಆಸಕ್ತಿ ಹೋಗುವುದು, ನಿದ್ದೆ-ಊಟ ಏರುಪೇರಾಗುವುದು: ವೈದ್ಯರು ಇವನ್ನು ಮಾತಾಡಿಸಿಯೇ ತಿಳಿಯುತ್ತಾರೆ. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.