ಎಡಗೈ ಸಿಂಕೋಪೇಷನ್: ಸಿ ಮೇಜರ್ ಸ್ಕೇಲಿನಲ್ಲೇ ಶುರು ಮಾಡೋಣ

ಎಣಿಕೆಯ ಮೇಲೆ ಬೀಳಬೇಕಾದ ಒತ್ತು ಎರಡು ಎಣಿಕೆಗಳ ನಡುವೆ ಬಿದ್ದರೆ ಅದು ಸಿಂಕೋಪೇಷನ್. ಕೀಬೋರ್ಡ್ ನುಡಿಸುವಾಗ ಎಡಗೈಗೆ ಇದು ಬೇಗ ಒಗ್ಗುವುದಿಲ್ಲ. ತಾಳ ಹಿಡಿಯುವ ಕೆಲಸವೇ ಅದಕ್ಕೆ ಜಾಸ್ತಿ ಅಭ್ಯಾಸ, ಅಲ್ವಾ? ಆ ಕೆಲಸವನ್ನು ಮೊದಲು ಬಲಗೈಗೂ ಕಾಲಿಗೂ ಒಪ್ಪಿಸಿಬಿಡಿ. ಸಿ ಮೇಜರ್ ಸ್ಕೇಲಿನ (ಸಿಯಿಂದ ಮೇಲಿನ ಸಿವರೆಗಿನ ಬಿಳಿ ಕೀಗಳ ಸಾಲು) ದಾರಿ ಬೆರಳಿಗೆ ಗೊತ್ತೇ ಇರುತ್ತದೆ, ಗಮನವೆಲ್ಲ ಲಯದ ಮೇಲಿಡಬಹುದು.

ಎಣಿಸಲು "ತಕ ತಕ ತಕ ತಕ" ಸಾಕು. ಮೆಟ್ರೊನೋಮ್ (ಸಮಗತಿಯಲ್ಲಿ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 60 ಟಿಕ್, ಪ್ರತಿ ಟಿಕ್‌ಗೆ ಒಂದು "ತ". ಬಲಗೈ ಪ್ರತಿ "ತ"ಗೆ ಸಿ, ಡಿ, ಇ, ಎಫ್ ಎಂದು ಮೇಲೇರಲಿ. ಎಡಗೈ ಅದೇ ಸ್ವರಗಳನ್ನು ಕೆಳಗಿನ ಸ್ಥಾಯಿಯಲ್ಲಿ "ಕ"ಗೆ ನುಡಿಸಲಿ. ಎಡಗೈ ಸ್ವರ ಚುಟುಕಾಗಿರಲಿ. ಉದ್ದಕ್ಕೆ ಹಿಡಿದರೆ ಬಲಗೈಯ ಮುಂದಿನ ಸ್ವರಕ್ಕೆ ತಾಗಿ ಕಿವಿಗೆ ಚುಚ್ಚುತ್ತದೆ.

ಎಡವುವ ಜಾಗ ಒಂದೇ. ಎಡಗೈ ಬೆರಳುಗಳು (1 ಹೆಬ್ಬೆರಳು, 5 ಕಿರುಬೆರಳು) 5 4 3 2 1, ಆಮೇಲೆ 3 2 1. ಜಿ ಮೇಲಿನ ಹೆಬ್ಬೆರಳನ್ನು ದಾಟಿ ನಡುಬೆರಳು ಎ ಮೇಲೆ ಬರುವಾಗ ಕೈ ಅವಸರಪಡುತ್ತದೆ, ಸ್ವರ "ಕ" ಬಿಟ್ಟು "ತ" ಕಡೆ ಜಾರುತ್ತದೆ. ಬಲಗೈಯಲ್ಲಿ ಹೆಬ್ಬೆರಳು ನುಸುಳುವುದು ಇ, ಎಫ್ ನಡುವೆ. ಎರಡೂ ತಿರುವು ಬೇರೆ ಬೇರೆ ಕಡೆ ಇರುವುದರಿಂದ ಇಡೀ ಸ್ಕೇಲ್ ಓಡಿಸಬೇಡಿ. ಎಫ್, ಜಿ, ಎ, ಬಿ ಇಷ್ಟನ್ನೇ ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನುಡಿಸಿ.

ನಮ್ಮ ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಕೀಬೋರ್ಡ್ ನಿಂತರೆ ಊಟದ ಮೇಜೇ ಸಾಕು: ಬಲಗೈ "ತ", ಎಡಗೈ "ಕ". ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಲೇ ಹಾಡುವವರನ್ನು ಹತ್ತಿರದಿಂದ ನೋಡಿ. ಬಾಯಿ ಹಾಡುವಾಗಲೂ ಕೈ ಲಯ ಬಿಡುವುದಿಲ್ಲ. ನಮಗೆ ಬೇಕಾದದ್ದು ಅದೇ. ಅದಕ್ಕೇ ಮೇಜಿನ ಮೇಲೆ ಬಡಿಯುವಾಗ ಬಾಯಲ್ಲಿ ಸ್ವರದ ಹೆಸರು ಹೇಳಿಕೊಳ್ಳಿ.

ಇದು ಹಿಡಿತಕ್ಕೆ ಬಂದ ಮೇಲೆ "ತಕಿಟ ತಕಿಟ ತಕ", ಅಂದರೆ 3+3+2, ನಾಲ್ಕು ಎಣಿಕೆಯಲ್ಲಿ ಎಂಟು ಅಕ್ಷರ. ನನಗೆ ಜಾಸ್ತಿ ಇಷ್ಟವಾದ ಪಾಠ ಇದು. ಬಲಗೈ ನಾಲ್ಕು ಎಣಿಕೆಗೂ ಒಂದೇ ಸಿ ಒತ್ತುತ್ತಿರಲಿ. ಎಡಗೈ ಪ್ರತಿ "ತ"ಗೆ ಒಂದು ಸ್ವರ: ಮೊದಲ ಆವರ್ತಕ್ಕೆ ಸಿ ಡಿ ಇ, ಎರಡನೆಯದಕ್ಕೆ ಎಫ್ ಜಿ ಎ, ಮೂರನೆಯದಕ್ಕೆ ಬಿ, ಮೇಲಿನ ಸಿ, ಮತ್ತೆ ಬಿ. ತುದಿಯ ಸಿ ಆವರ್ತದ ನಡುವೆಯೇ ಬೀಳುತ್ತದೆ. ಅಲ್ಲಿ ನಿಲ್ಲದೆ ಇಳಿಯಿರಿ.

ಕೊನೆಗೆ ಮೆಟ್ರೊನೋಮನ್ನು 40ಕ್ಕೆ ಇಳಿಸಿ, ಅದರ ಟಿಕ್ ಅನ್ನು 2 ಮತ್ತು 4ನೇ ಎಣಿಕೆ ಎಂದು ಹಿಡಿಯಿರಿ. ಆಗ ನಿಮ್ಮ ನಿಜವಾದ ವೇಗ 80. ಮೊದಲನೇ ಎಣಿಕೆಯನ್ನು ನಿಮ್ಮ ಕಾಲೇ ಹೇಳಬೇಕು.